ಕಲ್ಯಾಣಿ ಯಾವ ಬಣ್ಣ ಅಂತ ಕೇಳಬೇಡಿ

ನಾನು ಚಿತ್ರ ಬರೆಯುವವಳು. ಸಂಗೀತ ಕೇಳಿದರೆ ಬಣ್ಣ ಕಾಣುವ ಸಿನೆಸ್ತೀಸಿಯಾ ನನಗಿದೆ. ಇದು ಗೊತ್ತಾದಾಗಿನಿಂದ ಅವವೇ ಪ್ರಶ್ನೆಗಳು ಬರುತ್ತಿವೆ.

ಪ್ರಶ್ನೆ: ಕಲ್ಯಾಣಿ, ತೋಡಿ, ಮೋಹನ ರಾಗಗಳಿಗೆ ಯಾವ ಯಾವ ಬಣ್ಣ? ಒಂದು ಪಟ್ಟಿ ಕೊಡಿ.

ಕೊಡಲ್ಲ. ಪಾಶ್ಚಾತ್ಯ ಸಂಗೀತದ ಸಿ ಮೇಜರ್ ಸ್ವರಶ್ರೇಣಿ ಅಂದರೆ ರಿಮ್ಸ್ಕಿ-ಕೊರ್ಸಕೋವ್‌ಗೆ ಬಿಳಿ, ಸ್ಕ್ರಿಯಾಬಿನ್‌ಗೆ ಕೆಂಪು. ಇಬ್ಬರೂ ರಷ್ಯಾದ ಸಂಗೀತ ರಚನಕಾರರೇ, ಪರಿಚಿತರೇ. ನನ್ನ ಪಟ್ಟಿ ತಗೊಂಡು ನೀವೇನು ಮಾಡುತ್ತೀರಿ?

ಪ್ರಶ್ನೆ: ನನಗೂ ದನಿಗೆ ಬಣ್ಣ ಕಾಣುತ್ತದೆ. ಮನೆಯಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಚೆನ್ನಾಗಿಯೇ ಬರೆಯುತ್ತೇನೆ. ಸಂಗೀತ ಕಛೇರಿಗೆ ಜಲವರ್ಣ ತೆಗೆದುಕೊಂಡು ಹೋದರೆ ಎಲ್ಲ ಕಲಸಿಹೋಗುತ್ತದೆ. ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದ ಹೊತ್ತಿಗೆ ತಲೆ ಸಿಡಿಯುತ್ತದೆ. ಏನು ಮಾಡಲಿ?

ಮೊದಲು ಬಣ್ಣದ ಡಬ್ಬಿ ಮನೆಯಲ್ಲಿಟ್ಟು ಹೋಗಿ. ದನಿ ನಿಂತರೆ ಬಣ್ಣವೂ ಹೋಯಿತು, ಅಲ್ವಾ? ನೀವು ತಲೆ ತಗ್ಗಿಸಿ ನೀಲಿ ಕಲಸುವಷ್ಟರಲ್ಲಿ ಹಾಡುವವರು ಮೂರು ಸಂಗತಿ (ಒಂದೇ ಸಾಲಿನ ಬೇರೆ ಬೇರೆ ಹಾಡಿಕೆ) ಮುಂದೆ ಹೋಗಿರುತ್ತಾರೆ. ಆಮೇಲೆ ಕಾಗದದ ಮೇಲೆ ಬೀಳುವುದು ಸುಮ್ನೆ ಊಹೆ. ಕೇಳುವುದೂ ತಪ್ಪಿತು, ಬರೆಯುವುದೂ ತಪ್ಪಿತು.

ಇನ್ನು ಕಲಸಿಹೋಗುವ ವಿಷಯ. ನಮ್ಮಂಥ ಹಲವರಿಗೆ ಬಣ್ಣ ಬರುವುದು ರಾಗದ ಹೆಸರಿನಿಂದಲ್ಲ, ನಾದದ ಗುಣದಿಂದ. ಅದೇ ಸ್ವರ ಪಿಟೀಲಿನಲ್ಲಿ ಒಂದು ಥರ, ವೀಣೆಯಲ್ಲಿ ಇನ್ನೊಂದು ಥರ. ರೆಕಾರ್ಡಿಂಗ್‌ನಲ್ಲಿ ಇದನ್ನೆಲ್ಲ ಯಾರೋ ಹದ ಮಾಡಿ ಕೊಟ್ಟಿರುತ್ತಾರೆ. ಕಛೇರಿಯಲ್ಲಿ ಸ್ಪೀಕರ್ ಮೃದಂಗವನ್ನು ನಾಲ್ಕು ಪಟ್ಟು ದೊಡ್ಡದು ಮಾಡುತ್ತದೆ, ತಂಬೂರಿ ಮುಳುಗುತ್ತದೆ, ಪಕ್ಕದವರು ತೊಡೆ ತಟ್ಟಿ ತಪ್ಪು ತಾಳ ಹಾಕುತ್ತಾರೆ. ಇವಕ್ಕೂ ಬಣ್ಣ ಬಂದೇ ಬರುತ್ತದೆ. ಹಾಗಾಗಿ ಸ್ಪೀಕರ್‌ನಿಂದ ದೂರ, ಹಿಂದಿನ ಸಾಲಿನ ಕೊನೆಯ ಕುರ್ಚಿ ಹಿಡಿಯಿರಿ. ತನಿ ತಡೆಯಲಾಗದಿದ್ದರೆ ಎದ್ದು ಹೋಗಿ. ಹೇಗೂ ಅರ್ಧ ಸಭೆ ಆಗ ಕಾಫಿಗೆ ಎದ್ದಿರುತ್ತದೆ. ಅವರಿಗೆ ಕಾರಣವಿಲ್ಲ, ನಿಮಗಿದೆ. ಮೈಕಿಲ್ಲದ ಮನೆ ಕಛೇರಿ ಸಿಕ್ಕರೆ ಬಿಡಲೇಬೇಡಿ. ತಂಬೂರಿಯ ಬಣ್ಣ ನೆಲದ ಹಾಗೆ ಹರಡಿಕೊಂಡಿರುತ್ತದೆ. ಅದರ ಮೇಲೆ ಉಳಿದದ್ದೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ.

ಚಿತ್ರಕಾರ ಕ್ಯಾಂಡಿನ್‌ಸ್ಕಿ 1911ರ ಜನವರಿ 2ರಂದು ಮ್ಯೂನಿಕ್‌ನಲ್ಲಿ ರಚನಕಾರ ಷೋನ್‌ಬರ್ಗ್ ಸಂಗೀತ ಕೇಳಿದ. ಅದರಿಂದ ಹುಟ್ಟಿದ ಚಿತ್ರ ಅಲ್ಲಿನ ಕಲಾ ಸಂಗ್ರಹಾಲಯ ಲೆನ್‌ಬಾಖ್‌ಹೌಸ್‌ನಲ್ಲಿದೆ. ತುಂಬ ಹಳದಿ, ಮೇಲೆ ಪಿಯಾನೊದ ಕಪ್ಪು. ಆದರೆ ಅದಕ್ಕೆ ಮೊದಲು ಅವನು ಮಾಡಿಕೊಂಡ ಸ್ಕೆಚ್‌ಗಳು ಬರೀ ಕಪ್ಪು ಗೆರೆಯವು. ಅವನಿಗೆ ನಿಜಕ್ಕೂ ಸಿನೆಸ್ತೀಸಿಯಾ ಇತ್ತೇ ಎಂದು ಇನ್ನೂ ವಾದ ನಡೆದಿದೆ. ಇರಲಿ ಬಿಡಿ, ನಮಗೆ ಬೇಕಾದದ್ದು ಆ ಕ್ರಮ. ನೀವೂ ಒಂದು ಪೆನ್ಸಿಲ್ ಮಾತ್ರ ಒಯ್ಯಿರಿ. ಕೃತಿ ಮುಗಿದ ಮೇಲೆ, ಚಪ್ಪಾಳೆಯ ನಡುವೆ ಗುರುತು ಹಾಕಿಕೊಳ್ಳಿ: ಯಾವುದು ದೊಡ್ಡದು, ಯಾವುದು ಯಾವುದರ ಮೇಲೆ ಬಂತು, ಅಂಚು ಚೂಪೋ ಕರಗಿತ್ತೋ, ಯಾವ ಕಡೆಯಿಂದ ನುಗ್ಗಿತು. ಬಣ್ಣದ ಹೆಸರು ಬರೆಯಬೇಡಿ. ಬರೆದರೆ ಮರುದಿನ ಆ ಹೆಸರಿಗೇ ಬಣ್ಣ ಹಚ್ಚುತ್ತೀರಿ.

ಕಂಡದ್ದೇ ಬರಬೇಕು ಎಂಬ ಹಟವೂ ಬೇಡ. ನನಗೆ ಕಾಣುವುದು ಬೆಳಕಿನಂಥ ಬಣ್ಣ. ಅಲ್ಲಿ ಹಳದಿ, ನೇರಳೆ ಒಂದರೊಳಗೊಂದು ಇರಬಲ್ಲವು. ಪ್ಯಾಲೆಟ್‌ನಲ್ಲಿ ಕಲಸಿದರೆ ಕೆಸರು. ತೆಳು ಪದರ ಹಚ್ಚಿ, ಒಣಗಲು ಬಿಡಿ, ಮೇಲೆ ಇನ್ನೊಂದು.

ಒಂದು ಎಚ್ಚರಿಕೆ. ಸಂಗೀತವಿಲ್ಲದೆಯೂ ಮಿಂಚುಗೆರೆ ಕಂಡು ತಲೆನೋವು ಬಂದರೆ ಅದು ಮೈಗ್ರೇನ್ ಇರಬಹುದು. ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಬಣ್ಣ ಕಾಣತೊಡಗಿದರೂ ಅಷ್ಟೇ, ನರರೋಗ ವೈದ್ಯರ ಹತ್ತಿರ ಹೋಗಿ. ನನಗೆ ಪತ್ರ ಬರೆಯುತ್ತಾ ಕೂರಬೇಡಿ.

ಪ್ರಶ್ನೆ: ರಾಗಗಳನ್ನೇ ಚಿತ್ರವಾಗಿಸಿದ ಹಳೆಯ ರಾಗಮಾಲಾ ಚಿತ್ರ ಬರೆದವರಿಗೆಲ್ಲ ಈ ಸಿನೆಸ್ತೀಸಿಯಾ ಇತ್ತಂತೆ, ಹೌದೇ?

ಯಾರು ಹೇಳಿದ್ದು? ಅವರ ಮುಂದಿದ್ದದ್ದು ರಾಗದ ರೂಪ ವರ್ಣಿಸುವ ಧ್ಯಾನಶ್ಲೋಕ, ನಾಯಕ-ನಾಯಿಕೆ, ಋತು. ಅದೊಂದು ಸಂಪ್ರದಾಯ.

ಪ್ರಶ್ನೆ: ಅಮಲಿನ ಅಣಬೆ ತಿಂದರೆ ಸಂಗೀತದಲ್ಲಿ ಬಣ್ಣ ಕಾಣುತ್ತದಂತೆ?

ಅದು ಅಮಲು. ಕೊನೆಗೆ ಕಾಣುವುದು ಆಸ್ಪತ್ರೆ ಇಲ್ಲವೇ ಪೊಲೀಸು.

ಪ್ರಶ್ನೆ: ನನ್ನ ಮಗನಿಗೆ ‘ಮಿಡ್‌ಬ್ರೇನ್ ಆಕ್ಟಿವೇಶನ್’ ಕೋರ್ಸ್ ಮಾಡಿಸಿದರೆ ಸಂಗೀತದಲ್ಲಿ ಬಣ್ಣ ಕಾಣುತ್ತದೆ ಎನ್ನುತ್ತಾರೆ. ಸೇರಿಸಲೇ?

ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವ ಆ ಆಟವೇ ತಾನೇ? ಮೂಗಿನ ಪಕ್ಕದ ಸಂದಿಯಲ್ಲಿ ಮಕ್ಕಳು ಇಣುಕುತ್ತಾರೆ, ಅಷ್ಟೇ. ಸಿನೆಸ್ತೀಸಿಯಾ ಸಾಮಾನ್ಯವಾಗಿ ಚಿಕ್ಕಂದಿನಿಂದಲೇ ಇರುತ್ತದೆ, ಎಷ್ಟೋ ಮನೆತನಗಳಲ್ಲಿ ಹರಿದು ಬರುತ್ತದೆ. ಕೋರ್ಸ್‌ನಿಂದ ಬರುವಂಥದ್ದಲ್ಲ. ಆ ದುಡ್ಡಿಗೆ ಮಗನನ್ನು ಪಾಠಕ್ಕೆ ಸೇರಿಸಿ. ಸಂಗೀತವೋ ಚಿತ್ರವೋ, ಅವನನ್ನೇ ಕೇಳಿ.