ಲಂಡನ್ನಿನಲ್ಲಿ ಚಿತ್ರ ಬರೆಯೋರು ಎಲ್ಲಿ ಕೂರುತ್ತಾರೆ?

ಚಿತ್ರ ಬರೆಯುವ ನೀವು ಅಕ್ಟೋಬರ್, ನವೆಂಬರ್ ಎರಡು ತಿಂಗಳು ಆಫೀಸ್ ಕೆಲಸದ ಮೇಲೆ ಲಂಡನ್ನಿಗೆ ಹೋಗುತ್ತಿದ್ದೀರಿ, ರೂಮು ಊರಂಚಿನ ವೆಂಬ್ಲಿ ಬಡಾವಣೆಯಲ್ಲಿ. "ಅಲ್ಲಿ ನೋಡೋಕೆ ಏನೂ ಇಲ್ಲವಂತೆ, ಲಂಡನ್ನಿನ ಕಲಾವಿದರು ಇಷ್ಟಪಡುವ ಹತ್ತು ಜಾಗ ಹೇಳಿ" ಅಂತ ಕೇಳಿದ್ದೀರಿ. ಓದಿದ ಕೂಡಲೇ ಎದೆ ಧಸಕ್ಕೆಂದಿತು. 2018ರಲ್ಲಿ ಇದೇ ಮಾತನ್ನು ನಾನು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಪಟ್ಟಿ ಮೂವತ್ತೊಂದು ಜಾಗಕ್ಕೆ ಬೆಳೆಯಿತು. ಆ ಪಟ್ಟಿಯಿಂದ ನನಗೆ ಒಂದು ಪುಸ್ತಕದ ಕೆಲಸ ಕೈತಪ್ಪಿತು.

ನಾನು ಮೈಸೂರಿನವಳು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಆಗ ಮೂರು ವರ್ಷದಿಂದ ದೇವರಾಜ ಮಾರುಕಟ್ಟೆಯಲ್ಲಿ ಕೂತು ಬರೆಯುತ್ತಿದ್ದೆ. ಅದು ಯಾರೋ ಹೇಳಿದ ಜಾಗವಲ್ಲ. ಅಮ್ಮ ಹೂವಿಗೆ ಕಳಿಸುತ್ತಿದ್ದಳು, ಹೋದವಳು ಅಲ್ಲೇ ಕೂತುಬಿಡುತ್ತಿದ್ದೆ. ಹೂವಿನ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಮೊಳ ಹಾಕುವಾಗ ಅವರ ಕೈ ಮಧ್ಯದ ಬೆರಳಿನ ತುದಿಗೆ ಬಂದು ನಿಲ್ಲುತ್ತಿತ್ತು. ಗುರುತಿನವರು ಬಂದರೆ ಮಾತ್ರ ಅಲ್ಲಿಂದ ಎರಡು ಬೆರಳಿನಷ್ಟು ಮಲ್ಲಿಗೆ ಜಾಸ್ತಿ ಬಿಟ್ಟು ಕತ್ತರಿಸುತ್ತಿದ್ದರು. ಆ ಎರಡು ಬೆರಳು ನನ್ನ ಕಣ್ಣಿಗೆ ಬೀಳಲು ಒಂದು ತಿಂಗಳು ಹಿಡಿಯಿತು.

ಆ ಚಿತ್ರಗಳನ್ನು ಲಂಡನ್ನಿನ ಒಂದು ಮಕ್ಕಳ ಪುಸ್ತಕದ ಪ್ರಕಾಶನಕ್ಕೆ ಕಳಿಸಿದ್ದೆ. ಅಲ್ಲಿನ ಸಂಪಾದಕಿಗೆ ಇಷ್ಟವಾಯಿತು. ನಗರದ ಒಂದು ದಿನದ ಬಗ್ಗೆ ಪುಸ್ತಕ ಮಾಡುತ್ತಿದ್ದೇವೆ, ಇದೇ ಥರ ನಮ್ಮ ಲಂಡನ್ನನ್ನೂ ಬರೆದು ತನ್ನಿ ನೋಡೋಣ ಅಂದರು. ದೊಡ್ಡಪ್ಪನ ಮಗ ಅಲ್ಲೇ, ಪೂರ್ವ ಲಂಡನ್ನಿನ ಅಪ್ಟನ್ ಪಾರ್ಕ್ ಅನ್ನುವ ಬಡಾವಣೆಯಲ್ಲಿ ಇದ್ದ. ಕೂಡಿಟ್ಟ ದುಡ್ಡಲ್ಲಿ ಟಿಕೆಟ್ ಮಾಡಿಸಿ ಆರು ವಾರಕ್ಕೆ ಹೋದೆ.

ಮೊದಲ ಐದು ವಾರ ಹೀಗೆ ಕಳೆಯಿತು. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ನಗರದ ನಡುವಿನ ಸೋಹೊ. ಫ್ರಿತ್ ಸ್ಟ್ರೀಟಿನ ಬಾರ್ ಇಟಾಲಿಯಾ, 1949ರಿಂದ ಇರುವ ಕಾಫಿ ಅಂಗಡಿ. ಅದೇ ಕಟ್ಟಡದಲ್ಲಿ 1926ರಲ್ಲಿ ಜಾನ್ ಲೋಗಿ ಬೇರ್ಡ್ ಟೆಲಿವಿಷನ್ ತೋರಿಸಿದ್ದು ಅಂತ ನೀಲಿ ಫಲಕ ಹಾಕಿದ್ದಾರೆ. ಫಲಕವನ್ನು ತುಂಬಾ ಚೆನ್ನಾಗಿ ಬರೆದೆ. ಅಲ್ಲಿಂದ ಗ್ರೀಕ್ ಸ್ಟ್ರೀಟಿನ ಮೇಸನ್ ಬರ್ಟೋ, 1871ರ ಬೇಕರಿ. ಅದರ ಕಿಟಕಿ ಬರೆದೆ. ಮಧ್ಯಾಹ್ನ ವಾಟರ್ಲೂ ಸೇತುವೆ ಕೆಳಗಿನ ಹಳೇ ಪುಸ್ತಕದ ಮೇಜುಗಳು. ಸಂಜೆ ಹ್ಯಾಂಪ್‌ಸ್ಟೆಡ್ ಹೀತ್ ಗುಡ್ಡ. ಭಾನುವಾರ ಕೊಲಂಬಿಯಾ ರಸ್ತೆಯ ಹೂವಿನ ಸಂತೆಗೆ ಹೋದೆ. ಹೂವು ಅಂದರೆ ನನ್ನ ಸೀಮೆ ಅಲ್ವಾ, ತುಂಬಾ ಆಸೆ ಇಟ್ಟುಕೊಂಡಿದ್ದೆ. ಕಾಲಿಡಲು ಜಾಗ ಇಲ್ಲದಷ್ಟು ಜನ. ಫೋಟೊ ತೆಗೆದುಕೊಂಡು ಬಂದು ರಾತ್ರಿ ರೂಮಿನಲ್ಲಿ ಕೂತು ಬರೆದೆ.

ತಪ್ಪು ಎಲ್ಲಿ ಆಯಿತು ಅನ್ನೋದನ್ನ ಬಿಡಿಸಿ ಹೇಳಬೇಕು. ಜಾಗಗಳು ಕೆಟ್ಟವಲ್ಲ. ಎಲ್ಲೂ ಯಾರೂ ನನ್ನನ್ನು ಎಬ್ಬಿಸಲಿಲ್ಲ. ಗೆರೆಯಂತೂ ಮೈಸೂರಿನ ಚಿತ್ರಗಳಿಗಿಂತ ಚೆನ್ನಾಗಿ ಬಂದಿತ್ತು. ತಪ್ಪಾಗಿದ್ದು ನಾನು ಕೂತ ಹೊತ್ತಿನಲ್ಲಿ. ಒಂದೊಂದು ಕಡೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ಹೊಸ ಜಾಗದಲ್ಲಿ ಮೊದಲ ಅರ್ಧ ಗಂಟೆ ಕೈ ಗೋಡೆ, ಬಾಗಿಲು, ಬೋರ್ಡು, ಕುರ್ಚಿ ಬರೆಯುತ್ತದೆ, ಯಾಕಂದರೆ ಅವು ಅಲ್ಲಾಡುವುದಿಲ್ಲ. ಜನ ಅಲ್ಲಾಡುತ್ತಾರೆ, ಅವರನ್ನು ಆಮೇಲೆ ಬರೆಯೋಣ ಅನ್ನಿಸುತ್ತದೆ. ಆಮೇಲೆ ಅನ್ನುವ ಹೊತ್ತಿಗೆ ಪಟ್ಟಿಯ ಮುಂದಿನ ಜಾಗ ಕರೆಯುತ್ತಿರುತ್ತದೆ. ಎರಡನೇ ದಿನ ಅಲ್ಲಿಗೇ ಹೋದರೆ ಗೋಡೆ ಆಗಲೇ ಬರೆದಾಗಿದೆ, ಕಣ್ಣು ತಾನಾಗಿ ಜನರ ಕಡೆ ತಿರುಗುತ್ತದೆ. ಮೂರನೇ ದಿನ ಅವರು ನಿಮ್ಮನ್ನು ನೋಡುವುದನ್ನು ಬಿಡುತ್ತಾರೆ. ನಾಲ್ಕನೇ ದಿನ ಅವರ ಕೈ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ, ಪೆನ್ಸಿಲ್ ಅಲ್ಲಿ ಕಾಯುತ್ತಿರುತ್ತದೆ. ನಾನು ಐದು ವಾರದಲ್ಲಿ ಮೂವತ್ತೊಂದು ಸಲ ಮೊದಲ ದಿನವನ್ನೇ ಮಾಡಿದೆ. ಒಂದು ಕಡೆಗೂ ಎರಡನೇ ದಿನ ಹೋಗಲಿಲ್ಲ.

ಸಂಪಾದಕಿ ಸ್ಕೆಚ್‌ಬುಕ್ಕನ್ನು ನಿಧಾನವಾಗಿ ತಿರುವಿದರು. ಹೂವಿನ ಸಂತೆಯ ಪುಟದಲ್ಲಿ ಬಕೆಟ್ ಹಿಡಿದ ಒಬ್ಬ ಹೆಂಗಸು ಇದ್ದಳು. "ಇವರು ಯಾರು?" ಅಂದರು. ನನಗೆ ಗೊತ್ತಿರಲಿಲ್ಲ. ಫೋಟೊದಲ್ಲಿ ಸಿಕ್ಕವಳು. "ಮೈಸೂರಿನ ಚಿತ್ರಗಳಲ್ಲಿ ನಿಮಗೆ ಎಲ್ಲರೂ ಗೊತ್ತಿದ್ದರು" ಅಂದರು, ಅಷ್ಟೇ. ಮಾರನೇ ದಿನವೇ ಆಗುವುದಿಲ್ಲ ಅಂತ ಮೇಲ್ ಬಂತು. ನನಗೆ ಅವರ ಮೇಲೆ ಕೋಪ ಇಲ್ಲ, ಅವರು ಹೇಳಿದ್ದು ಸರಿಯಾಗಿತ್ತು.

ಹೆಚ್ಚು ನೋವಾಗಿದ್ದು ಇನ್ನೊಂದಕ್ಕೆ. ಅಪ್ಟನ್ ಪಾರ್ಕ್ ಸ್ಟೇಷನ್ ಹತ್ತಿರವೇ ಗ್ರೀನ್ ಸ್ಟ್ರೀಟಿನಲ್ಲಿ ಕ್ವೀನ್ಸ್ ಮಾರ್ಕೆಟ್ ಅಂತ ಇದೆ. ಸೂರಿನ ಕೆಳಗೆ ತರಕಾರಿ, ಮೀನು, ಬಟ್ಟೆ ಎಲ್ಲ ಒಟ್ಟಿಗೆ. ಮಂಗಳವಾರ, ಗುರುವಾರ, ಶುಕ್ರವಾರ, ಶನಿವಾರ ನಡೆಯುತ್ತದೆ. ಅತ್ತಿಗೆ ಬೆಂಡೆಕಾಯಿ, ಕೊತ್ತಂಬರಿ ತರುತ್ತಿದ್ದುದು ಅಲ್ಲಿಂದಲೇ. ಐದು ವಾರ ಅದರ ಪಕ್ಕದಲ್ಲೇ ನಡೆದು ರೈಲು ಹತ್ತಿದ್ದೆ, ಚೀಲದ ಜಿಪ್ ಕೂಡ ತೆಗೆದಿರಲಿಲ್ಲ. ಪಟ್ಟಿಯಲ್ಲಿ ಇರಲಿಲ್ಲವಲ್ಲ!

ಮೇಲ್ ಬಂದಮೇಲೆ ಉಳಿದ ದಿನಗಳಲ್ಲಿ ಅಲ್ಲಿಗೇ ಹೋದೆ. ಅಲ್ಲಿ ತರಕಾರಿಯನ್ನು ಸ್ಟೀಲ್ ಬಟ್ಟಲಿನಲ್ಲಿ ಗುಡ್ಡೆ ಹಾಕಿಟ್ಟಿರುತ್ತಿದ್ದರು, ಆಗ ಬಟ್ಟಲಿಗೆ ಒಂದು ಪೌಂಡ್. ಒಬ್ಬ ವ್ಯಾಪಾರಿ ತೆಳು ನೀಲಿ ಪ್ಲಾಸ್ಟಿಕ್ ಚೀಲವನ್ನು ಎಡಗೈಲಿ ಝಾಡಿಸಿ ಬಾಯಿ ಬಿಡಿಸಿ, ಬಲಗೈಲಿ ಬಟ್ಟಲನ್ನು ಮಗುಚುತ್ತಿದ್ದ. ಒಂದು ಬೆಂಡೆಕಾಯಿಯೂ ಹೊರಗೆ ಬೀಳುತ್ತಿರಲಿಲ್ಲ. ಮೂರನೇ ದಿನ ಅವನೇ ಒಂದು ಖಾಲಿ ಕ್ರೇಟ್ ಬೋರಲು ಹಾಕಿ ಕೂರಲು ಕೊಟ್ಟ. ಲಂಡನ್ನಿನಿಂದ ನಾನು ತಂದದ್ದರಲ್ಲಿ ಇವತ್ತಿಗೂ ಇನ್ನೊಬ್ಬರಿಗೆ ತೋರಿಸುವುದು ಆ ನಾಲ್ಕು ಪುಟ ಮಾತ್ರ.

ಹಾಗಾಗಿ ಹತ್ತು ಜಾಗದ ಪಟ್ಟಿ ನಾನು ಕೊಡುವುದಿಲ್ಲ. ಕಲಾವಿದರು ಇಷ್ಟಪಡುವ ಜಾಗದಲ್ಲಿ ಕೂತರೆ ಚಿತ್ರ ಬರುತ್ತದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಪ್ಯಾರಿಸ್ಸಿನ ಕೆಫೆ ಡಿ ಫ್ಲೋರ್‌ನಲ್ಲಿ ಯುದ್ಧದ ವರ್ಷಗಳಲ್ಲಿ ಫ್ರೆಂಚ್ ಲೇಖಕರಾದ ಸಾರ್ತ್ರ್, ಸಿಮೋನ್ ದ ಬೊವಾ ದಿನವಿಡೀ ಕೂತು ಬರೆಯುತ್ತಿದ್ದುದಕ್ಕೆ ಮುಖ್ಯ ಕಾರಣ ಅಲ್ಲಿದ್ದ ಒಲೆ. ಅವರ ರೂಮುಗಳಲ್ಲಿ ಚಳಿ ತಡೆಯಲು ಆಗುತ್ತಿರಲಿಲ್ಲ. ನಮ್ಮ ಮಾಸ್ತಿಯವರು ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗುತ್ತಿದ್ದುದು ಇಸ್ಪೀಟಾಟಕ್ಕೆ, ಗೆಳೆಯರಿಗೆ. ಅವರಿಗೆ ಆ ಜಾಗ ಹತ್ತಿರ ಇತ್ತು, ಕೂರಲು ಬಿಡುತ್ತಿದ್ದರು, ಗುರುತಿನವರು ಇದ್ದರು. ನೀವೂ ಅಂಥದ್ದೇ ಒಂದನ್ನು ಹುಡುಕಿಕೊಳ್ಳಿ.

ವೆಂಬ್ಲಿಯಲ್ಲಿ ಏನೂ ಇಲ್ಲ ಅಂದವರು ಈಲಿಂಗ್ ರೋಡಿನಲ್ಲಿ ಒಂದು ಸಲವೂ ನಿಂತಿಲ್ಲ. ಗುಜರಾತಿಗಳ ತರಕಾರಿ ಅಂಗಡಿ, ಸೀರೆ ಅಂಗಡಿ, ಚಿನ್ನದಂಗಡಿ, ಕೆತ್ತನೆಯ ಕಲ್ಲಿನ ದೊಡ್ಡ ದೇವಸ್ಥಾನ ಎಲ್ಲ ಆ ಒಂದೇ ರಸ್ತೆಯಲ್ಲಿವೆ. ಅಲ್ಲಿ ಒಂದು ಅಂಗಡಿ ಮುಂದೆ, ಒಂದೇ ಹೊತ್ತಿಗೆ, ಹದಿನೈದು ದಿನ ಬಿಡದೆ ಹೋಗಿ. ಮೊದಲು ಏನಾದರೂ ಕೊಂಡುಕೊಂಡು ಮಾತಾಡಿಸಿ, ಆಮೇಲೆ ಪುಸ್ತಕ ತೆಗೆಯಿರಿ. ಫೋಟೊ ಮಾತ್ರ ಬೇಡ. ಫೋಟೊ ಇದೆ ಅನ್ನುವ ಧೈರ್ಯಕ್ಕೆ ಕಣ್ಣು ಸುಮ್ನೆ ಕೂತುಬಿಡುತ್ತದೆ.

ದೂರದ್ದು ಬೇಕೇ ಬೇಕು ಅಂದರೆ ಎರಡು ಹೇಳುತ್ತೇನೆ, ಎರಡಕ್ಕೂ ಮತ್ತೆ ಮತ್ತೆ ಹೋಗಬೇಕು. ಒಂದು, ವಾಟರ್ಲೂ ಹತ್ತಿರದ ನ್ಯಾಷನಲ್ ಥಿಯೇಟರಿನ ಮೊಗಸಾಲೆ. ವೆಂಬ್ಲಿ ಸೆಂಟ್ರಲ್‌ನಿಂದ ಬೇಕರ್‌ಲೂ ಲೈನಿನಲ್ಲಿ ನೇರ ಹೋಗಬಹುದು. ಟಿಕೆಟ್ ಇಲ್ಲದಿದ್ದರೂ ಕೂರಬಹುದು. ನಾಟಕ ಇರುವ ಸಂಜೆ ಹೋಗಿ. ಬೆಲ್ ಹೊಡೆಯುವ ಮುಂಚೆ ಯಾರನ್ನೋ ಕಾಯುತ್ತಾ ನಿಂತವರ ಮುಖ ನೋಡಿ.

ಇನ್ನೊಂದು, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಆಲ್ಪರ್ಟನ್ ಸ್ಟೇಷನ್ನಿನಿಂದ ಪಿಕಾಡಿಲಿ ಲೈನಿನಲ್ಲಿ ಸೌತ್ ಕೆನ್ಸಿಂಗ್ಟನ್‌ಗೆ ನೇರ ರೈಲಿದೆ. ಒಳಗೆ ಹೋಗಲು ದುಡ್ಡಿಲ್ಲ. ಶುಕ್ರವಾರ ರಾತ್ರಿ ಹತ್ತರ ತನಕ ತೆಗೆದಿರುತ್ತದೆ, ಆಫೀಸ್ ಮುಗಿಸಿಯೇ ಹೋಗಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ಅಲ್ಲಿದೆ. ಮೊದಲ ಶುಕ್ರವಾರ ಎಲ್ಲರೂ ಹುಲಿಯ ಪಟ್ಟೆ ಬರೆಯುತ್ತಾರೆ. ಎರಡನೇ ಶುಕ್ರವಾರ ಹುಲಿಯ ಕೆಳಗೆ ಬಿದ್ದಿರುವ ಬಿಳಿ ಸಿಪಾಯಿಯ ಕೆಂಪು ಕೋಟಿನ ಮೇಲಿನ ಹೂಗಳು ಕಾಣುತ್ತವೆ. ಪೆನ್ಸಿಲ್ ಮಾತ್ರ ಒಯ್ಯಿರಿ, ಇಂಕು, ಬಣ್ಣ ಬೇಡ.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಅದಕ್ಕೇ ಈಲಿಂಗ್ ರೋಡಿಗೆ ವಾರದ ದಿನ ಬೆಳಿಗ್ಗೆ ಆಫೀಸಿಗೆ ಮುಂಚೆ ಹೋಗುವುದು ಒಳ್ಳೆಯದು, ಅಂಗಡಿ ತೆಗೆದು ತರಕಾರಿ ಜೋಡಿಸುವ ಹೊತ್ತಿಗೆ. ಉಣ್ಣೆಯ ಕೈಗವಸು ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ, ಬಲಗೈಯದರಲ್ಲಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನ ತುದಿ ಕತ್ತರಿಸಿ.