ನಿರಂತರ ತಯಾರಿಕೆಯ ಮಾತ್ರೆಗೆ ಬ್ಯಾಚ್ ಸಂಖ್ಯೆ ಎಲ್ಲಿಂದ?

ಪ್ರಶ್ನೆ: ಔಷಧ ಕಾರ್ಖಾನೆಗಳಲ್ಲಿ ಬ್ಯಾಚ್ ಪದ್ಧತಿಯ ಬದಲು ‘ನಿರಂತರ ತಯಾರಿಕೆ’ ಬರುತ್ತಿದೆಯೆಂದು ತರಗತಿಯಲ್ಲಿ ಕೇಳಿದೆ. ಹಾಗಾದರೆ ಸ್ಟ್ರಿಪ್ ಮೇಲಿನ ಬ್ಯಾಚ್ ಸಂಖ್ಯೆಗೆ ಅರ್ಥವೇನು? ದೋಷ ಕಂಡರೆ ಯಾವ ಮಾತ್ರೆಗಳನ್ನು ತೆಗೆದುಹಾಕಬೇಕೆಂದು ಹೇಗೆ ತಿಳಿಯುತ್ತದೆ?
— ಬಿ.ಫಾರ್ಮ್ ವಿದ್ಯಾರ್ಥಿನಿ, ಹಾಸನ

ಉತ್ತರ: ಬ್ಯಾಚ್ ಸಂಖ್ಯೆ ಅಲ್ಲಿಯೂ ಇದ್ದೇ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಒಮ್ಮೆ ಬ್ಲೆಂಡರಿಗೆ ಸುರಿದು ಬೆರೆಸಿದ ಪುಡಿಯಷ್ಟೂ ಒಂದು ಬ್ಯಾಚ್; ಅದು ಹಂತಹಂತಕ್ಕೂ ಡ್ರಮ್ಮುಗಳಲ್ಲಿ ತುಂಬಿ, ಹಲವು ಸಲ ಪ್ರಯೋಗಾಲಯದ ವರದಿಗಾಗಿ ಕಾಯುತ್ತದೆ. ಹೊಸ ಪದ್ಧತಿಯಲ್ಲಿ ಫೀಡರುಗಳು ಪುಡಿಗಳನ್ನು ತೂಗುತ್ತಲೇ ಒಂದು ಕಡೆ ಸುರಿಯುತ್ತಿದ್ದರೆ, ಇನ್ನೊಂದು ಕಡೆ ಮಾತ್ರೆಗಳು ಹೊರಬರುತ್ತಿರುತ್ತವೆ. 2022ರ ನವೆಂಬರಿನಲ್ಲಿ ಅಂತಿಮಗೊಂಡ, ಹಲವು ದೇಶಗಳ ಔಷಧ ನಿಯಮಗಳನ್ನು ಹೊಂದಿಸುವ ಐಸಿಎಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕ್ಯೂ13 ಮಾರ್ಗಸೂಚಿಯ ಪ್ರಕಾರ, ಹೊರಬಂದ ಸರಕಿನ ಪ್ರಮಾಣ, ಒಳಹಾಕಿದ ಕಚ್ಚಾವಸ್ತುವಿನ ಪ್ರಮಾಣ ಅಥವಾ ನಿಗದಿತ ಹರಿವಿನಲ್ಲಿ ಯಂತ್ರ ಓಡಿದ ಅವಧಿಯಿಂದ ಬ್ಯಾಚನ್ನು ಗುರುತಿಸಬಹುದು. ಗಂಟೆಗೆ 20 ಕಿಲೋದಂತೆ 10 ಗಂಟೆ ಓಡಿಸಿದರೆ 200 ಕಿಲೋ ಬ್ಯಾಚ್ ಆಯಿತು. ಈ ಗಾತ್ರವನ್ನು ಯಂತ್ರ ಹೊರಡುವ ಮೊದಲೇ ನಿಗದಿಪಡಿಸಿರಬೇಕು.

ನಿಮ್ಮ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು. ನಮ್ಮ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ಕಲರ್ ಸಾರ್ಟರ್ ಯಂತ್ರವು ಜಾರಿಬರುತ್ತಿರುವ ಬೀಜಗಳಲ್ಲಿ ಕಪ್ಪಾದದ್ದನ್ನು ಗಾಳಿಯಿಂದ ಚಿಮ್ಮಿಸಿ ಹೊರಹಾಕುತ್ತದೆ. ಔಷಧದ ಸಾಲಿನಲ್ಲಿ ಕಣ್ಣಿಗೆ ಕಾಣದ ಬೆಳಕಿನಿಂದ ಅಳೆಯುವ ನಿಯರ್ ಇನ್‌ಫ್ರಾರೆಡ್ ಸಂವೇದಕಗಳು ಮಿಶ್ರಣದಲ್ಲಿರುವ ಔಷಧಾಂಶವನ್ನು ಹರಿವಿನಲ್ಲಿಯೇ ಅಳೆಯುತ್ತವೆ. ಮಿತಿ ಮೀರಿದ ಸರಕು ಬೇರೆ ದಾರಿಗೆ ತಿರುಗುತ್ತದೆ. ಆದರೆ ಬೀಜ ಬಿಡಿಬಿಡಿಯಾಗಿ ಬರುತ್ತದೆ, ಪುಡಿ ಬೆರೆತುಹೋಗುತ್ತದೆ. ಒಂದೇ ಕ್ಷಣದಲ್ಲಿ ಒಳಹೋದ ಕಣಗಳಲ್ಲಿ ಕೆಲವು ಬೇಗ, ಕೆಲವು ತಡವಾಗಿ ಹೊರಬರುವುದರಿಂದ, ಗುರುತಿನ ವಸ್ತುವೊಂದನ್ನು ಬೆರೆಸಿ ಅದು ಯಾವಾಗ ಎಷ್ಟೆಷ್ಟು ಹೊರಬಂದಿತೆಂದು ಅಳೆದು, ಆ ಹರಡುವಿಕೆಯನ್ನು ಮೊದಲೇ ತಿಳಿದಿಟ್ಟುಕೊಳ್ಳುತ್ತಾರೆ. ಫೀಡರ್ ಒಂದು ನಿಮಿಷ ತಪ್ಪಿದರೆ ಒಂದು ನಿಮಿಷದ ಮಾತ್ರೆಗಳನ್ನಷ್ಟೇ ತೆಗೆದರೆ ಸಾಲದು. ಆ ನಿಮಿಷದ ಮೊದಲ ಕಣ ಹೊರಬರುವ ಹೊತ್ತಿನಿಂದ, ಉಳಿಕೆಯು ಔಷಧದ ಗುಣಕ್ಕೆ ಬಾಧಕವಾಗದಷ್ಟು ಕಡಿಮೆಯಾಗುವವರೆಗೆ ಬಂದದ್ದೆಲ್ಲವನ್ನೂ ತೆಗೆಯಬೇಕು. ಈ ಲೆಕ್ಕ ಗಟ್ಟಿಯಾಗಿಲ್ಲದ ಕಾರ್ಖಾನೆ ಸಂವೇದಕಗಳನ್ನು ಎಷ್ಟು ಜೋಡಿಸಿಕೊಂಡರೂ ಅದರ ಭರವಸೆಯನ್ನು ನಾನು ನಂಬಲಾರೆ.

ಪ್ರಶ್ನೆ: ಇದರಿಂದ ಔಷಧದ ಬೆಲೆ ಇಳಿಯುವುದೇ?
— ಔಷಧ ಅಂಗಡಿಯವರು, ಚಿಕ್ಕಮಗಳೂರು

ಉತ್ತರ: ಸದ್ಯಕ್ಕೆ ನಿಮ್ಮ ಅಂಗಡಿಯ ದರಪಟ್ಟಿ ಬದಲಾಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿದ, ನಿರಂತರ ಪದ್ಧತಿಯಲ್ಲಿ ತಯಾರಾಗುವ, ಶ್ವಾಸಕೋಶವನ್ನು ಬಾಧಿಸುವ ಆನುವಂಶಿಕ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್‌ಗೆ ಕೊಡುವ ಆರ್ಕಾಂಬಿಯಾಗಲಿ, 2016ರಲ್ಲಿ ಬ್ಯಾಚ್‌ನಿಂದ ನಿರಂತರ ಪದ್ಧತಿಗೆ ಬದಲಾಗಲು ಒಪ್ಪಿಗೆ ಪಡೆದ ಎಚ್‌ಐವಿ ಔಷಧ ಪ್ರೆಝಿಸ್ಟಾ ಆಗಲಿ, ದುಬಾರಿ ಬ್ರ್ಯಾಂಡುಗಳೇ. ಜೆನೆರಿಕ್ ತಯಾರಕರು ಒಂದೇ ಯಂತ್ರದಲ್ಲಿ ಹಲವು ಔಷಧಗಳನ್ನು ಸರದಿಯಂತೆ ಮಾಡುತ್ತಾರೆ. ಪ್ರತಿ ಸಲವೂ ಇಡೀ ಸಾಲನ್ನು ತೊಳೆಯುವುದು, ಈಗಾಗಲೇ ಹಣ ಹಾಕಿರುವ ಹಳೆಯ ಯಂತ್ರಗಳನ್ನು ಕೈಬಿಡುವುದು, ಅನುಮತಿಗಳನ್ನು ಮತ್ತೆ ಪಡೆಯುವುದು ಅವರಿಗೆ ಹೊರೆಯೇ ಸರಿ.

ಲಾಭದ ದಾರಿ ಕಚ್ಚಾ ಔಷಧದ ರಸಾಯನ ಕ್ರಿಯೆಯಲ್ಲಿ ಹೆಚ್ಚು ಹತ್ತಿರವಿದೆಯೆಂದು ನನಗೆ ತೋರುತ್ತದೆ. ಅಣುವಿಗೆ ನೈಟ್ರೋ ಗುಂಪನ್ನು ಸೇರಿಸುವ ನೈಟ್ರೇಷನ್‌ನಂಥ ಬಿಸಿಯೇರುವ ಕ್ರಿಯೆಯನ್ನು ದೊಡ್ಡ ರಿಯಾಕ್ಟರಿನಲ್ಲಿ ನಿಧಾನವಾಗಿ, ಅಂಜುತ್ತ ನಡೆಸಬೇಕಾಗುತ್ತದೆ. ಸಣ್ಣ ಕೊಳವೆಯಲ್ಲಿ ಹರಿಸಿದರೆ ದ್ರವದ ಪ್ರಮಾಣಕ್ಕೆ ಹೋಲಿಸಿದಾಗ ತಂಪಾಗುವ ಮೇಲ್ಮೈ ಹೆಚ್ಚಿರುವುದರಿಂದ ಶಾಖ ಬೇಗ ಹೊರಹೋಗುತ್ತದೆ, ಯಾವುದೇ ಕ್ಷಣದಲ್ಲಿ ಒಳಗಿರುವ ಅಪಾಯಕಾರಿ ವಸ್ತುವೂ ಅಲ್ಪವೇ ಆಗಿರುತ್ತದೆ. ಆದರೆ ಕ್ರಿಯೆಯ ನಡುವೆ ಘನವಸ್ತು ಗರಣೆಗಟ್ಟಿದರೆ ಕೊಳವೆ ಕಟ್ಟಿಕೊಳ್ಳುವುದರಿಂದ, ಎಲ್ಲ ಔಷಧಗಳಿಗೂ ಈ ಮಾರ್ಗ ಹೊಂದುವುದಿಲ್ಲ.