ನಿದ್ದೆಯಲ್ಲ, ನಿಧಾನ

ಓದುಗರ ಪತ್ರ: ಕಳೆದ ಸಂಚಿಕೆಯ ಕ್ಷಯರೋಗದ ಲೇಖನದಲ್ಲಿ, ಬಯೋಫಿಲ್ಮ್ (ಬ್ಯಾಕ್ಟೀರಿಯಾಗಳು ಗುಂಪುಗೂಡಿ ಕಟ್ಟುವ ಪೊರೆ) ಸೇರಿದ ಬ್ಯಾಕ್ಟೀರಿಯಾಗಳು ‘ನಿದ್ದೆಗೆ ಜಾರುತ್ತವೆ’, ಹಾಗಾಗಿ ಔಷಧಿಗೆ ಜಗ್ಗುವುದಿಲ್ಲ ಎಂದು ಬರೆದಿದ್ದೀರಿ. ಮಲಗಿದ ಜೀವಿ ಪೊರೆ ಕಟ್ಟುವುದು ಹೇಗೆ? ಅದರ ಜೀನ್‌ಗಳೇ ಬದಲಾಗುತ್ತವೆಯೇ?

ಸಂಪಾದಕರ ಉತ್ತರ: ನಿಮ್ಮ ಆಕ್ಷೇಪ ಸರಿ. ಆ ಪದವನ್ನು ನಾವು ಬಳಸಬಾರದಿತ್ತು.

ಅನುಕೂಲ ಸಿಕ್ಕರೆ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ 20 ನಿಮಿಷದಲ್ಲಿ ಒಂದು ಎರಡಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಸುಮಾರು ಒಂದು ದಿನವೇ ಬೇಕು. ಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಜೀನ್‌ಗುಂಪು ಇ. ಕೋಲೈಯಲ್ಲಿ 7 ಇದ್ದರೆ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಒಂದೇ ಒಂದು. ಆದರೆ ನಿಧಾನವಾಗಿ ಎರಡಾಗುವುದು ಬೇರೆ, ಕೆಲಸ ನಿಲ್ಲಿಸುವುದು ಬೇರೆ.

ಕ್ಷಯದ ಬ್ಯಾಕ್ಟೀರಿಯಾ ಬೆಳೆಸಲು ಅಲುಗಾಡಿಸದೆ ಇಟ್ಟ ಫ್ಲಾಸ್ಕನ್ನು ನೋಡಿ. ಮೊದಲು ದ್ರವದ ಮೇಲೆ ಕೆನೆಗಟ್ಟಿದಂತೆ ತೆಳುವಾದ ಪದರ. ವಾರಗಳು ಕಳೆದಂತೆ ಅದು ದಪ್ಪವಾಗಿ, ಸುಕ್ಕುಸುಕ್ಕಾಗಿ, ಗಾಜಿನ ಗೋಡೆಯ ಮೇಲಕ್ಕೂ ಹತ್ತುತ್ತದೆ. ಮುಟ್ಟಿದರೆ ಮೇಣದಂತಿರುವ ಈ ಪೊರೆಯಲ್ಲಿ ಮೈಕೋಲಿಕ್ ಆಮ್ಲ ಎಂಬ ಕೊಬ್ಬಿನಂಥ ವಸ್ತು ಬಿಡಿಯಾಗಿ ಹೇರಳವಾಗಿದೆ ಎಂಬುದು 2008ರಲ್ಲಿ ಪ್ರಕಟವಾಯಿತು. ಇಷ್ಟೆಲ್ಲ ಕಟ್ಟಲು ಜೀನ್‌ಗಳು ಓದಿಸಿಕೊಳ್ಳುತ್ತಲೇ, ಅಂದರೆ ಅವುಗಳ ಆರ್‌ಎನ್‌ಎ ಪ್ರತಿಗಳು ತಯಾರಾಗುತ್ತಲೇ ಇರಬೇಕು.

ಇದಕ್ಕೂ ಮೊದಲು, 2005ರಲ್ಲಿ, ಕ್ಷಯದ ಬ್ಯಾಕ್ಟೀರಿಯಾದ ವೇಗವಾಗಿ ಬೆಳೆಯುವ ಬಂಧು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ಒಂದು ಸೊಗಸಾದ ಸುಳಿವು ಸಿಕ್ಕಿತ್ತು. ಗ್ರೋಇಎಲ್1 ಎಂಬ ಜೀನ್ ಇಲ್ಲವಾದರೂ ಬಿಡಿ ಕೋಶಗಳು ಎಂದಿನಂತೆ ಬೆಳೆದವು, ಪೊರೆ ಮಾತ್ರ ಬಲಿಯಲಿಲ್ಲ. ಒಂಟಿ ಬದುಕಿಗೆ ಬೇಡದ, ಗುಂಪಿನ ಬದುಕಿಗೆ ಬೇಕೇಬೇಕಾದ ಜೀನ್ ಅದು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಎರಡನೆಯ ಪ್ರಶ್ನೆ. ಜೀನ್‌ಗಳು ಬದಲಾಗಬೇಕಿಲ್ಲ, ಯಾವುದನ್ನು ಎಷ್ಟು ಓದಬೇಕೆಂಬುದು ಬದಲಾದರೆ ಸಾಕು. ಆಮ್ಲಜನಕ ಕಡಿಮೆಯಾದರೆ ಡಾಸ್‌ಆರ್ ಎಂಬ ನಿಯಂತ್ರಕ ಪ್ರೋಟೀನ್ ಸುಮಾರು 50 ಜೀನ್‌ಗಳನ್ನು ಚಾಲೂ ಮಾಡುತ್ತದೆ. ಔಷಧಿ ಹಾಕಿದರೂ ಪೊರೆಯಲ್ಲಿ ಬದುಕುಳಿದ ಇಂಥ ಕೋಶಗಳನ್ನು ಬಿಡಿಸಿ ಹೊಸದಾಗಿ ಬೆಳೆಸಿದರೆ, ಅವುಗಳ ಸಂತತಿ ಅದೇ ಔಷಧಿಗೆ ಮತ್ತೆ ಸಾಯುತ್ತದೆ. ಇದು ಸಹಿಷ್ಣುತೆ. ಜೀನ್‌ಗಳೇ ಬದಲಾಗುವ ರೂಪಾಂತರದಿಂದ ಬರುವ ಪ್ರತಿರೋಧವೇ ಬೇರೆ. ಎರಡನ್ನೂ ಒಂದೇ ಎಂದು ಬರೆಯುವ ತಪ್ಪು ಪತ್ರಿಕೆಗಳಲ್ಲಿ ಪದೇ ಪದೇ ಆಗುತ್ತದೆ.

ಇನ್ನೊಂದು ಮಾತು. ಪ್ರಯೋಗಾಲಯದಲ್ಲಿ ಈ ಬ್ಯಾಕ್ಟೀರಿಯಾ ಮುದ್ದೆಗಟ್ಟದಿರಲೆಂದು ಟ್ವೀನ್-80 ಎಂಬ ಮಾರ್ಜಕ ಬೆರೆಸುವುದು ವಾಡಿಕೆ. ಅಂದರೆ ಗುಂಪುಗೂಡುವ ಅದರ ಸಹಜ ಸ್ವಭಾವವನ್ನೇ ತಡೆದು ಅಭ್ಯಾಸ ಮಾಡುತ್ತ ಬಂದಿದ್ದೇವೆ. ಪೊರೆಯನ್ನೇ ಅಭ್ಯಾಸ ಮಾಡಹೊರಟರೂ ತೊಡಕು ತಪ್ಪದು. ಮೇಣದ ಗೋಡೆ ಒಡೆಯಲು ಸಣ್ಣ ಮಣಿಗಳೊಡನೆ ಜೋರಾಗಿ ಕುಲುಕಬೇಕು, ಯಾವ ಜೀನ್ ಓದಲಾಗುತ್ತಿತ್ತು ಎಂದು ತಿಳಿಸುವ ಸಂದೇಶವಾಹಕ ಆರ್‌ಎನ್‌ಎ ಆದರೋ ನಿಮಿಷಗಳಲ್ಲಿ ಚೂರಾಗಿ ಹೋಗುವ ವಸ್ತು. ಇಡೀ ಪೊರೆಯನ್ನು ಒಟ್ಟಿಗೆ ಅರೆದರೆ ಕೈಗೆ ಬರುವುದು ಸರಾಸರಿ. ಗಾಳಿಗೆ ತೆರೆದ ಮೇಲ್ಪದರದ ಕೋಶ ಏನು ಓದುತ್ತಿತ್ತು, ಅಡಿಯ ಕೋಶ ಏನು ಓದುತ್ತಿತ್ತು ಎಂಬ ವ್ಯತ್ಯಾಸ ಅದರಲ್ಲಿ ಅಳಿಸಿಹೋಗುತ್ತದೆ.

ಕಳೆದ ಸಂಚಿಕೆಯಲ್ಲಿ ‘ನಿದ್ದೆಗೆ ಜಾರುತ್ತವೆ’ ಎಂದಿರುವಲ್ಲಿ, ದಯವಿಟ್ಟು ‘ವಿಭಜನೆ ತಗ್ಗಿಸಿ ಬೇರೆ ಜೀನ್‌ಗಳನ್ನು ಓದತೊಡಗುತ್ತವೆ’ ಎಂದು ತಿದ್ದಿ ಓದಿಕೊಳ್ಳಿ.